ಎಂಬತ್ತರಲ್ಲಿ ಐದು: ಎಲ್ಲವೂ ತಪ್ಪಿಲ್ಲದೇ ಇರಬೇಕೆಂಬ ಹಟ ಇಳಿಸಿಕೊಳ್ಳುವುದು ಹೇಗೆ

ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ನಾನು ಚೆಕ್ಕರ್. ಹೊಲಿದು ಬಂದ ಪ್ಯಾಂಟನ್ನು ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲೆ ಹರಡಿ, ಒಳಹೊರಗೆ ತಿರುವಿ, ಟೇಪು ಹಿಡಿದು ಅಳೆದು, ತಪ್ಪಿದ್ದ ಕಡೆ ಕೆಂಪು ಬಾಣದ ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಮಾಡುತ್ತಿದ್ದೇನೆ. ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವವಳು ತಪ್ಪನ್ನು ಒಪ್ಪಿಕೊಳ್ಳುವುದರ ಬಗ್ಗೆ ಬರೆಯಲು ಕಾರಣವಿದೆ. ಆ ಮೇಜಿನ ಹತ್ತಿರ ಮೊದಲ ವಾರದಲ್ಲೇ ಕಲಿತ ಒಂದು ಪಾಠವನ್ನು ಮನೆಗೆ ತರಲು ನನಗೆ ಹದಿಮೂರು ವರ್ಷ ಹಿಡಿಯಿತು. ಅಷ್ಟು ದಿನ ನಾನು ನನಗೂ ನನ್ನ ಮಗಳಿಗೂ ಕೊಟ್ಟ ತ್ರಾಸು ಸಣ್ಣದಲ್ಲ. ಓದುವವರಲ್ಲಿ ಒಬ್ಬರಿಗಾದರೂ ಅದು ಬೇಗ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಆ ಪಾಠ ಇಷ್ಟೇ. ದೊಡ್ಡ ಖರೀದಿದಾರರಿಗೆ ಮಾಲು ಹೋಗುವಾಗ ಕೊನೆಯ ತಪಾಸಣೆಗೆ ಎ.ಕ್ಯು.ಎಲ್., ಅಂದರೆ ಎಷ್ಟು ತಪ್ಪಿನ ತನಕ ಮಾಲನ್ನು ಒಪ್ಪಬಹುದು ಎಂಬ ಲೆಕ್ಕವಿದೆ. ಬಟ್ಟೆ ವ್ಯಾಪಾರದಲ್ಲಿ ಎಲ್ಲ ದೇಶಗಳಲ್ಲೂ ನಡೆಯುವ ಲೆಕ್ಕ ಅದು. ಸಾವಿರ ಪೀಸಿನ ಲಾಟಿದ್ದರೆ ಸಾವಿರವನ್ನೂ ನೋಡುವುದಿಲ್ಲ, 80 ಪೀಸು ಎತ್ತಿ ನೋಡುತ್ತಾರೆ. ತಪ್ಪಿನಲ್ಲಿ ಮೂರು ಜಾತಿ. ಮುರಿದ ಸೂಜಿಯ ತುದಿ ಬಟ್ಟೆಯೊಳಗೆ ಉಳಿದಿದ್ದರೆ ಅದು ಕ್ರಿಟಿಕಲ್, ಒಂದೂ ಇರಕೂಡದು. ಜಿಪ್ ಏಳದಿದ್ದರೆ, ತೊಡೆಯ ಒಳಹೊಲಿಗೆ ಬಿಟ್ಟಿದ್ದರೆ ಮೇಜರ್. ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಟ್ಟದಲ್ಲಿ ಇಂಥವು 80ಕ್ಕೆ 5ರ ತನಕ ಇದ್ದರೆ ಲಾಟು ಪಾಸು, 6 ಸಿಕ್ಕರೆ ಫೇಲು. ಕತ್ತರಿಸದೆ ಉಳಿದ ದಾರ, ಒಂದೆಳೆ ಸೊಟ್ಟ ಹೋದ ಹೊಲಿಗೆ ಇವೆಲ್ಲ ಮೈನರ್, ಸಾಮಾನ್ಯವಾಗಿ 7ರ ತನಕ ನಡೆಯುತ್ತದೆ.

ಮೊದಲ ಸಲ ಕೇಳಿದಾಗ ನನಗೆ ಇದು ಮೋಸದ ಲೆಕ್ಕ ಅನ್ನಿಸಿತ್ತು. ಐದು ಪ್ಯಾಂಟು ಕೆಟ್ಟಿದ್ದರೂ ಪಾಸೇ? ಕಟಿಂಗ್ ಮಾಸ್ತರ್ ಹೇಳಿದರು: "ಯಮ್ಮಾ, ಇದನ್ನ ಬರ್ದೋರು ಹೊಲಿಗಿ ಗೊತ್ತಿಲ್ದೋರಲ್ಲ. ಮನುಷ್ಯರ ಕೈ ಗೊತ್ತಿದ್ದೋರು." ಕೈ ಅಂದಮೇಲೆ ತಪ್ಪುತ್ತದೆ. ಎಷ್ಟು ತಪ್ಪಿದರೆ ನಡೆಯುತ್ತದೆ, ಎಲ್ಲಿ ತಪ್ಪಿದರೆ ನಡೆಯುವುದಿಲ್ಲ ಎಂಬುದನ್ನು ಕೆಲಸಕ್ಕೆ ಮೊದಲೇ ಬರೆದಿಟ್ಟುಕೊಂಡರೆ ಮಾಲು ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಗೋದಾಮಿನಲ್ಲಿ ಕೊಳೆಯುತ್ತದೆ. ನನ್ನ ಬದುಕಿನ ಎಷ್ಟೋ ಸಂಗತಿಗಳು ಹಾಗೆ ಗೋದಾಮಿನಲ್ಲೇ ಉಳಿದವು.

ಮೊದಲ ಹೆಜ್ಜೆ: ಅಚ್ಚುಕಟ್ಟೋ ಹೆದರಿಕೆಯೋ, ಗುರುತಿಸಿ

ಅಚ್ಚುಕಟ್ಟು ಬೇರೆ, ಹೆದರಿಕೆ ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. "ಎಷ್ಟು ನೀಟಾಗಿ ಮಾಡ್ತೀಯವ್ವ" ಎಂದು ಹೊಗಳುತ್ತಾರೆ, ಆ ಹೊಗಳಿಕೆ ಕೇಳಿ ನಾವೂ ನಂಬುತ್ತೇವೆ. ತಿಳಿಯುವ ದಾರಿ ಒಂದಿದೆ. ಕೆಲಸ ಮುಗಿದ ಮೇಲೆ ನಿಮಗೆ ಏನನ್ನಿಸುತ್ತದೆ ನೋಡಿಕೊಳ್ಳಿ. ಖುಷಿಯಾದರೆ ಅದು ಅಚ್ಚುಕಟ್ಟು. ಖುಷಿಯಿಲ್ಲದೆ "ಸದ್ಯ, ಈ ಸಲ ಬಚಾವಾದೆ" ಎಂದಷ್ಟೇ ಅನ್ನಿಸಿ, ಮರುಕ್ಷಣವೇ ಮುಂದಿನ ಕೆಲಸದ ಚಿಂತೆ ಶುರುವಾದರೆ ಅದು ಹೆದರಿಕೆ.

ನನ್ನದು ಹೆದರಿಕೆಯೇ ಆಗಿತ್ತು. ನಮ್ಮಲ್ಲಿ ಲೈನ್ ಸೂಪರ್‌ವೈಸರ್ ಜಾಗ ಖಾಲಿಯಾದಾಗ ಅರ್ಜಿ ಕೊಡು ಎಂದು ಎಲ್ಲರೂ ಹೇಳಿದರು. ಕಂಪ್ಯೂಟರ್ ಪೂರ್ತಿ ಕಲಿತ ಮೇಲೆ ಕೊಡುತ್ತೇನೆ ಎಂದೆ. ಮೂರು ವರ್ಷ ಹಾಗೇ ಹೋಯಿತು. ನನಗಿಂತ ಕಡಿಮೆ ಕಲಿತವರು ಆ ಕುರ್ಚಿಯಲ್ಲಿ ಕುಳಿತು, ಕುಳಿತ ಮೇಲೆ ಕಂಪ್ಯೂಟರ್ ಕಲಿತರು. ಮನೆ ಪೂರ್ತಿ ಓರಣವಾಗಲಿ ಎಂದು ನೆಂಟರನ್ನು ಕರೆಯುವುದನ್ನೇ ಬಿಟ್ಟಿದ್ದೆ. ತಮ್ಮನ ಮದುವೆಯ ಫೋಟೊಗಳನ್ನು ಆಲ್ಬಮ್ಮಿಗೆ ಸರಿಯಾಗಿ ಜೋಡಿಸಬೇಕೆಂದು ಚೀಲದಲ್ಲಿಟ್ಟವಳು ಒಂದೂ ಜೋಡಿಸಲಿಲ್ಲ.

ಏಳು ದಿನ ಒಂದು ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೂರು ಕಲಂ ಹಾಕಿ ಬರೆಯಿರಿ: ಯಾವ ಕೆಲಸ, ಎಷ್ಟು ಸಲ ಮತ್ತೆ ಮಾಡಿದೆ, ಮಾಡದಿದ್ದರೆ ಏನಾಗುತ್ತದೆಂದು ಹೆದರಿದೆ. ಮೂರನೇ ಕಲಮ್ಮೇ ಮುಖ್ಯ, ಅದನ್ನು ಬಿಡಬೇಡಿ. ನಾನು ಬರೆದಾಗ ಗೊತ್ತಾಗಿದ್ದು: ಒಂದು ವಾಯ್ಸ್ ಮೆಸೇಜನ್ನು ನಾಲ್ಕು ಸಲ ರೆಕಾರ್ಡ್ ಮಾಡಿದ್ದೆ, ಇಸ್ತ್ರಿ ಆದ ಬಟ್ಟೆಗೆ ಮತ್ತೆ ಇಸ್ತ್ರಿ ಹಾಕಿದ್ದೆ, ಮತ್ತು ಮೂರನೇ ಕಲಮ್ಮಿನ ತುಂಬಾ "ಏನಂತಾರೋ" ಎಂಬುದೊಂದೇ ಮಾತಿತ್ತು.

ಮನಃಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಈ ಹಟವನ್ನು ಮೂರು ಬಗೆಯಾಗಿ ವಿಂಗಡಿಸಿದರು. ನನ್ನಿಂದ ನಾನೇ ಬಯಸುವುದು, ಬೇರೆಯವರಿಂದ ನಾನು ಬಯಸುವುದು, ಬೇರೆಯವರು ನನ್ನಿಂದ ಬಯಸುತ್ತಾರೆಂದು ನಾನು ಅಂದುಕೊಳ್ಳುವುದು. ಮೂರನೆಯದೇ ಹೆಚ್ಚು ಕಾಡುವುದು. ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಎಂಬ ಸಂಶೋಧಕರು 1989ರಿಂದ 2016ರ ತನಕ ಅಮೆರಿಕ, ಕೆನಡಾ, ಬ್ರಿಟನ್‌ಗಳ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೂರೂ ಬಗೆ ಏರಿದ್ದವು. ಮೂರನೆಯದು ಮಾತ್ರ ಶೇ. 33ರಷ್ಟು ಏರಿತ್ತು. ಅದು ದೂರದ ದೇಶಗಳ ಲೆಕ್ಕ. ಆದರೆ "ಏನಂತಾರೋ" ಎಂಬ ಮಾತಿಗೆ ನಮ್ಮ ಕೌಲ್ ಬಜಾರಿನ ಓಣಿಯಲ್ಲಿ ಎಷ್ಟು ಬಲವಿದೆ ಎಂಬುದು ಇಲ್ಲಿ ಬೆಳೆದ ಯಾವ ಹೆಣ್ಣುಮಗಳಿಗೂ ಗೊತ್ತು.

ಎರಡನೇ ಹೆಜ್ಜೆ: ಮೂರು ಡಬ್ಬಿ ಮಾಡಿ

ಎಲ್ಲವನ್ನೂ ಸರಿಯಾಗಿ ಮಾಡಬೇಕೆನ್ನುವವರ ಮನಸ್ಸಿನಲ್ಲಿ ಒಂದೇ ಡಬ್ಬಿ ಇರುತ್ತದೆ. ಉಳಿದ ದಾರವೂ ಮುರಿದ ಸೂಜಿಯೂ ಅದರಲ್ಲೇ. ರೊಟ್ಟಿಯ ಅಂಚು ಒಡೆದರೂ ಎದೆ ಹೊಡೆದುಕೊಳ್ಳುತ್ತದೆ, ಮಾತ್ರೆ ಮರೆತರೂ ಅಷ್ಟೇ ಹೊಡೆದುಕೊಳ್ಳುತ್ತದೆ. ಕೊನೆಗೆ ದಣಿದ ತಲೆಗೆ ನಿಜವಾಗಿ ಎಚ್ಚರ ಬೇಕಾದ ಹೊತ್ತಿನಲ್ಲಿ ಎಚ್ಚರವೇ ಉಳಿದಿರುವುದಿಲ್ಲ.

ಒಂದು ಹಾಳೆ ತೆಗೆದುಕೊಳ್ಳಿ. ಮೊದಲ ಡಬ್ಬಿಯಲ್ಲಿ ಒಂದು ಸಲವೂ ತಪ್ಪಕೂಡದ ಸಂಗತಿಗಳನ್ನು ಬರೆಯಿರಿ, ಐದಕ್ಕಿಂತ ಹೆಚ್ಚು ಬೇಡ. ನನ್ನವು: ಅತ್ತೆಯ ಬಿ.ಪಿ. ಮಾತ್ರೆ, ರಾತ್ರಿ ಗ್ಯಾಸ್ ರೆಗ್ಯುಲೇಟರ್ ಮುಚ್ಚುವುದು, ಓ.ಟಿ.ಪಿ. ಯಾರಿಗೂ ಹೇಳದಿರುವುದು, ಓದದೆ ಯಾವ ಕಾಗದಕ್ಕೂ ಸಹಿ ಹಾಕದಿರುವುದು, ಮೇಜಿನ ಮೇಲೆ ಸೂಜಿಯ ಲೆಕ್ಕ. ನಮ್ಮ ಅಣ್ಣ ಸಿರುಗುಪ್ಪ ಕಡೆ ಮೆಣಸಿನಕಾಯಿ ಹಾಕುತ್ತಾನೆ. ಔಷಧಿ ಹೊಡೆಯುವಾಗ ಅಳತೆ ಮತ್ತು ಮೂಗು ಬಾಯಿಗೆ ಬಟ್ಟೆ, ಇವೆರಡು ಅವನ ಮೊದಲ ಡಬ್ಬಿ. ಸಾಲು ನೆಟ್ಟಗಿರುವುದು ಅದರಲ್ಲಿ ಇಲ್ಲ.

ಎರಡನೇ ಡಬ್ಬಿಗೆ ಹೆಚ್ಚಿನ ಸಲ ಸರಿ ಇರಬೇಕಾದವು: ಸಮಯಕ್ಕೆ ಹೋಗುವುದು, ತಿಂಗಳ ಖರ್ಚಿನ ಲೆಕ್ಕ, ಮಕ್ಕಳ ಫೀಸಿನ ತಾರೀಕು. ತಪ್ಪಿದರೆ ತೊಂದರೆಯಾಗುತ್ತದೆ, ಆದರೆ ಸರಿಪಡಿಸಬಹುದು. ಉಳಿದದ್ದೆಲ್ಲ ಮೂರನೇ ಡಬ್ಬಿಗೆ. ಯಾವುದು ಎಲ್ಲಿ ಎಂದು ಗೊಂದಲವಾದರೆ ಕೇಳಿಕೊಳ್ಳಿ: ಇದು ತಪ್ಪಿದರೆ ಯಾರಿಗಾದರೂ ಪೆಟ್ಟಾಗುತ್ತದೆಯೇ, ವಾಪಸು ಬಾರದ ದುಡ್ಡು ಹೋಗುತ್ತದೆಯೇ? ಎರಡಕ್ಕೂ ಇಲ್ಲ ಎಂದಾದರೆ ಅದು ಮೊದಲ ಡಬ್ಬಿಯದಲ್ಲ. "ಆದರೂ..." ಎಂದು ಮನಸ್ಸು ಎಳೆದಾಡುತ್ತದೆ. ಎಳೆದಾಡಲಿ, ಹಾಳೆಯ ಮೇಲೆ ಬರೆದದ್ದನ್ನು ಬದಲಿಸಬೇಡಿ. ನನ್ನ ಹಾಳೆ ಅಡುಗೆಮನೆಯ ಬಾಗಿಲ ಹಿಂದೆ ಆರು ವರ್ಷದಿಂದ ಅಂಟಿಕೊಂಡೇ ಇದೆ.

ಮೂರನೇ ಹೆಜ್ಜೆ: "ಸಾಕು" ಎಲ್ಲಿ ಎಂಬುದನ್ನು ಶುರುವಾಗುವ ಮೊದಲೇ ಗೊತ್ತುಮಾಡಿ

ನಮ್ಮ ಅಳತೆ ಪಟ್ಟಿಯಲ್ಲಿ ಪ್ರತಿ ಅಳತೆಯ ಪಕ್ಕ ಟಾಲರೆನ್ಸ್ ಎಂಬ ಕಲಂ ಇರುತ್ತದೆ. ಸೊಂಟ 32 ಇಂಚು ಎಂದರೆ ಅರ್ಧ ಇಂಚು ಆಚೀಚೆ ನಡೆಯುತ್ತದೆ. ಇದನ್ನು ಬಟ್ಟೆ ಕತ್ತರಿಸುವ ಮೊದಲೇ ಬರೆದಿರುತ್ತಾರೆ, ಅದರ ಗುಟ್ಟೇ ಅಲ್ಲಿದೆ. ಕೆಲಸದ ನಡುವೆ ನಿಂತು "ಇಷ್ಟು ಸಾಕಾ?" ಎಂದು ಕೇಳಿಕೊಂಡರೆ ಹೆದರಿಕೆಯೇ ಉತ್ತರ ಕೊಡುತ್ತದೆ, ಮತ್ತು ಅದರ ಉತ್ತರ ಯಾವಾಗಲೂ "ಸಾಲದು".

ಅರ್ಥಶಾಸ್ತ್ರಕ್ಕೆ 1978ರ ನೊಬೆಲ್ ಪ್ರಶಸ್ತಿ ಪಡೆದ ಹರ್ಬರ್ಟ್ ಸೈಮನ್ ಇದಕ್ಕೆ 1950ರ ದಶಕದಲ್ಲೇ ಒಂದು ಹೆಸರು ಕೊಟ್ಟಿದ್ದರು: ಸ್ಯಾಟಿಸ್ಫೈಸಿಂಗ್. ಸಿಗಬಹುದಾದ್ದರಲ್ಲೆಲ್ಲ ಅತ್ಯುತ್ತಮವಾದದ್ದನ್ನು ಹುಡುಕುತ್ತಾ ಕೂರುವಷ್ಟು ಹೊತ್ತು, ತಿಳಿವಳಿಕೆ ಯಾವ ಮನುಷ್ಯನಿಗೂ ಇಲ್ಲ. ನಮಗೆ ಬೇಕಾದ ಮಟ್ಟ ಇಷ್ಟು ಎಂದು ಇಟ್ಟುಕೊಂಡು, ಆ ಮಟ್ಟ ಮುಟ್ಟಿದ ಮೊದಲನೆಯದನ್ನು ಆರಿಸುವುದೇ ನಿಜ ಬದುಕಿನಲ್ಲಿ ನಡೆಯುವ ದಾರಿ ಎಂಬುದು ಅವರ ವಿಚಾರ. ಸೀರೆ ಅಂಗಡಿಯಲ್ಲಿ ಇದನ್ನು ಪ್ರಯೋಗಿಸಿ ನೋಡಿ. ಒಳಗೆ ಹೋಗುವ ಮೊದಲೇ ದರ, ಬಣ್ಣ, ಬಟ್ಟೆ ಮೂರನ್ನೂ ಹೇಳಿಕೊಳ್ಳಿ. ಮೂರೂ ಕೂಡಿದ ಮೊದಲ ಸೀರೆಗೆ ಬಿಲ್ಲು ಮಾಡಿಸಿ ಹೊರಗೆ ಬನ್ನಿ. ಪಕ್ಕದ ಅಂಗಡಿಗೆ ಇಣುಕಬೇಡಿ.

ಬರವಣಿಗೆ, ಲೆಕ್ಕ, ಸಾರಿಸುವುದು, ಅಡುಗೆ ಇಂಥವಕ್ಕೆ ಹೊತ್ತಿನ ಮಿತಿ ಹಾಕಿ. "ಈ ಅರ್ಜಿಗೆ ಒಂದು ತಾಸು, ಒಂದು ಸಲ ಓದಿ ತಿದ್ದುತ್ತೇನೆ, ಕೊಡುತ್ತೇನೆ" ಎಂದು ಮೊದಲೇ ಬರೆಯಿರಿ. ಮೊಬೈಲಿನಲ್ಲಿ ಅಲಾರಂ ಇಡಿ.

ನಾನು ನನಗೆ ಹಾಕಿಕೊಂಡ ಇನ್ನೊಂದು ನಿಯಮ: ಒಂದೇ ಸಲ ಬಿಚ್ಚುವುದು. ಇದು ಡೆನಿಮ್ ಬಟ್ಟೆ ಕಲಿಸಿದ್ದು. ಡೆನಿಮ್ಮಿನ ನೂಲಿಗೆ ನೀಲಿ ಹತ್ತುವುದು ಮೇಲುಮೇಲಕ್ಕೆ ಮಾತ್ರ, ಒಳಗೆ ಬೆಳ್ಳಗೇ ಇರುತ್ತದೆ. ಅದಕ್ಕೇ ಜೀನ್ಸು ಉಜ್ಜಿದಲ್ಲಿ ಬಿಳಿ ಆಗುತ್ತದೆ. ಹೊಲಿಗೆ ಸೊಟ್ಟ ಹೋಯಿತೆಂದು ಬಿಚ್ಚಿ ಹೊಲಿದರೆ ಹಳೆಯ ಸೂಜಿಯ ತೂತುಗಳು ಉಳಿಯುತ್ತವೆ. ಎರಡನೇ ಸಲ, ಮೂರನೇ ಸಲ ಬಿಚ್ಚಿದರೆ ತೂತು ಹೆಚ್ಚಾಗಿ ಬಟ್ಟೆ ಬಲ ಕಳೆದುಕೊಳ್ಳುತ್ತದೆ, ವಾಷಿಂಗಿಗೆ ಹೋಗಿ ಬಂದಾಗ ಆ ಜಾಗ ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತದೆ. ಮೊದಲು ಯಾರ ಕಣ್ಣಿಗೂ ಬೀಳದಿದ್ದ ಸಣ್ಣ ಸೊಟ್ಟು, ತಿದ್ದಿ ತಿದ್ದಿ ಸೆಕೆಂಡ್ಸ್ ಮಾಲಿಗೆ ಹೋಗುವಂತಾಗುತ್ತದೆ. ಒಂದು ಸಲ ಬಿಚ್ಚಿ ಹೊಲಿಯಿರಿ. ಆಮೇಲೂ ಮೈನರ್ ಆಗಿಯೇ ಉಳಿದರೆ ಕೈ ಬಿಡಿ.

ನಾಲ್ಕನೇ ಹೆಜ್ಜೆ: ಬೇಕೆಂದೇ ಒಂದು ತಪ್ಪನ್ನು ಉಳಿಸಿ ನೋಡಿ

ಇದೇ ಎಲ್ಲಕ್ಕಿಂತ ಕಷ್ಟದ್ದು, ಇದೇ ಎಲ್ಲಕ್ಕಿಂತ ಕೆಲಸ ಮಾಡುವುದು. ಹೆದರಿಕೆಗೆ ಬುದ್ಧಿ ಹೇಳಿದರೆ ಕೇಳುವುದಿಲ್ಲ, ಕಣ್ಣಾರೆ ತೋರಿಸಬೇಕು. ಮನೋಚಿಕಿತ್ಸೆಯಲ್ಲೂ ಪರಿಪೂರ್ಣತೆಯ ಹಟಕ್ಕೆ ಇಂಥ ಪ್ರಯೋಗಗಳನ್ನು ಮಾಡಿಸುತ್ತಾರೆ: ಏನಾಗುತ್ತದೆಂದು ಹೆದರಿದ್ದೀರೋ ಅದನ್ನು ಮೊದಲು ಬರೆಯುವುದು, ತಪ್ಪನ್ನು ಉಳಿಸುವುದು, ಏನಾಯಿತೆಂದು ಆಮೇಲೆ ಬರೆಯುವುದು.

ನನ್ನ ಮೊದಲ ಪ್ರಯೋಗ ರೊಟ್ಟಿ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಜಿಗುಟು ಅಂಟಿಲ್ಲ. ಎಸರು ಕಾಸಿ ಹಾಕಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಿದರೂ ಬಡಿಯುವಾಗ ಅಂಚು ಬಿರಿಯುವುದು ಅದರ ಗುಣ. ನಾನು ಮಾತ್ರ ಅಂಚು ಒಡೆದ ರೊಟ್ಟಿಯನ್ನೆಲ್ಲ ನನ್ನ ತಾಟಿಗೆ ಹಾಕಿಕೊಂಡು, ದುಂಡಗಿನವನ್ನಷ್ಟೇ ಬೇರೆಯವರಿಗೆ ಬಡಿಸುತ್ತಿದ್ದೆ. ಆ ದಿನ ಗಂಡನ ಕಡೆಯವರು ನಾಲ್ಕು ಮಂದಿ ಬಂದಿದ್ದರು. "ಇವಳಿಗೆ ರೊಟ್ಟಿ ಮಾಡೋಕೂ ಬರಲ್ಲ ಅಂತಾರೆ" ಎಂದು ಚೀಟಿಯಲ್ಲಿ ಬರೆದಿಟ್ಟು, ಹಂಚಿನಿಂದ ಬಂದ ಹಾಗೆಯೇ, ಒಡೆದದ್ದು ಒಡೆದದ್ದಾಗಿಯೇ ಬಡಿಸಿದೆ. ಯಾರೂ ಏನೂ ಅನ್ನಲಿಲ್ಲ. ನಾನೇ ತಡೆಯಲಾರದೆ "ರೊಟ್ಟಿ ಒಡದಾವ" ಎಂದಾಗ ನಮ್ಮ ಅತ್ತೆ, "ರೊಟ್ಟಿ ಒಡದ್ರ ಹೊಟ್ಟಿ ತುಂಬಂಗಿಲ್ಲೇನ?" ಎಂದು ಇನ್ನೊಂದು ಹಾಕಿಸಿಕೊಂಡರು. ಚೀಟಿಯ ಹಿಂದೆ ಅದನ್ನೇ ಬರೆದೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹ ನೋಡಿದವರಿಗೆ ಗೊತ್ತಿರುತ್ತದೆ. ಸುತ್ತಲ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ, ಒಂದೊಂದು ಊರಿನದು ಒಂದೊಂದು ಅಗಲ, ಒಂದೊಂದು ದಪ್ಪ. ನೂರಾರು ಮನೆಯ ಹಂಚಿನ ಕಪ್ಪು ಅವುಗಳ ಮೇಲೆ ಇರುತ್ತದೆ. ಬಡಿಸುವವರು ದುಂಡಗಿನವನ್ನು ಆರಿಸುವುದಿಲ್ಲ, ಉಣ್ಣುವವರು ಕೇಳುವುದಿಲ್ಲ. ಆ ರೊಟ್ಟಿಯ ರಾಶಿ ನೋಡಿದಾಗ ನನಗೆ ಬಹಳ ಹೊತ್ತು ಅಲ್ಲಿಂದ ಕದಲಲು ಆಗಲಿಲ್ಲ.

ನಿಮ್ಮ ಪ್ರಯೋಗ ಮೂರನೇ ಡಬ್ಬಿಯಿಂದಲೇ ಇರಲಿ. ವಾರಕ್ಕೆ ಎರಡು ಸಾಕು. ವಾಯ್ಸ್ ಮೆಸೇಜನ್ನು ಒಂದೇ ಸಲ ರೆಕಾರ್ಡ್ ಮಾಡಿ ಕಳಿಸಿ. ರಂಗೋಲಿಯ ಒಂದು ಎಳೆ ತಪ್ಪಿದರೆ ಅಳಿಸಬೇಡಿ. ಬ್ಯಾಂಕಿನಲ್ಲಿ ಗೊತ್ತಾಗದ್ದನ್ನು "ನನಗೆ ಗೊತ್ತಾಗಲಿಲ್ಲ ಸರ್, ಇನ್ನೊಂದು ಸಲ ಹೇಳ್ರಿ" ಎಂದು ಕೇಳಿ. ಎದೆ ಬಡಿತ ಏರುತ್ತದೆ, ಅದು ಸಹಜ. ಓಡಿಹೋಗಿ ಸರಿಪಡಿಸದೆ ಸುಮ್ಮನಿದ್ದರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಇಳಿಯುವುದನ್ನು ಒಂದು ಸಲ ನೋಡಿದವರಿಗೆ ಎರಡನೇ ಸಲ ಅಷ್ಟು ಕಷ್ಟವಾಗುವುದಿಲ್ಲ.

ಐದನೇ ಹೆಜ್ಜೆ: ತಪ್ಪಾದ ಹೊತ್ತಿನಲ್ಲಿ ನಿಮ್ಮ ಜೊತೆ ಮಾತಾಡುವ ರೀತಿ ಬದಲಿಸಿ

ಹೊಸದಾಗಿ ಮೆಷಿನ್ ಹತ್ತಿದ ಹುಡುಗಿ "ಅಕ್ಕಾ, ಸೊಟ್ಟ ಹೋತು" ಎಂದು ಅಳುಮುಖ ಮಾಡಿಕೊಂಡು ಬಂದರೆ ನಾನು ಏನು ಹೇಳುತ್ತೇನೆ? "ಇರ್ಲಿ ತಗಾ. ಬಿಚ್ಚಿ ಇನ್ನೊಂದ್ಸಲ ಹಾಕು. ಕೈ ಕುಂತ ಮ್ಯಾಲೆ ತಾನೇ ನೆಟ್ಟಗ ಬರ್ತೈತಿ." ಅದೇ ತಪ್ಪು ನನ್ನ ಕೈಯಿಂದಾದರೆ ನನಗೆ ನಾನು ಹೇಳಿಕೊಳ್ಳುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆ ಮಾತನ್ನು ಯಾರಾದರೂ ಆ ಹುಡುಗಿಗೆ ಅಂದಿದ್ದರೆ ನಾನೇ ಎದ್ದು ಜಗಳಕ್ಕೆ ಹೋಗುತ್ತಿದ್ದೆ.

ಕ್ರಿಸ್ಟಿನ್ ನೆಫ್ ಎಂಬ ಮನಃಶಾಸ್ತ್ರಜ್ಞೆ 2003ರಿಂದ ಇದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ತನ್ನ ಮೇಲೆ ತಾನು ಕರುಣೆ ಇಡುವುದರಲ್ಲಿ ಮೂರು ಭಾಗವಿದೆ ಎನ್ನುತ್ತಾರೆ: ಆದದ್ದನ್ನು ಹಿಗ್ಗಿಸದೆ ಕುಗ್ಗಿಸದೆ ಇದ್ದ ಹಾಗೆ ನೋಡುವುದು, ಇದು ಎಲ್ಲ ಮನುಷ್ಯರಿಗೂ ಆಗುವಂಥದ್ದು ಎಂದು ನೆನೆಯುವುದು, ತನ್ನೊಂದಿಗೆ ಮೆತ್ತಗೆ ಮಾತಾಡುವುದು. ನಮ್ಮ ಮಾತಿನಲ್ಲಿ ನಾನು ಅದನ್ನು ಹೀಗೆ ಮಾಡಿಕೊಂಡಿದ್ದೇನೆ. ತಪ್ಪಾದ ಕೂಡಲೇ ಕೈ ಕೆಲಸ ನಿಲ್ಲಿಸಿ, ಮೊದಲು ಆದದ್ದನ್ನಷ್ಟೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳುವುದು: "ಬಿಲ್ಲಿನಲ್ಲಿ ನಂಬರು ತಪ್ಪು ಬರೆದೆ." "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಎಂಬುದು ಆದದ್ದಲ್ಲ, ಅದನ್ನು ಸೇರಿಸಬಾರದು. ಆಮೇಲೆ "ಈ ಕೆಲಸ ಮಾಡುವ ಎಲ್ಲರಿಗೂ ಇದು ಆಗುತ್ತದೆ." ಆಮೇಲೆ ಆ ಹುಡುಗಿಗೆ ಹೇಳುವ ಧಾಟಿಯಲ್ಲೇ "ಇರ್ಲಿ ತಗಾ." ಕೊನೆಗೆ, ಸರಿಪಡಿಸುವುದಿದ್ದರೆ ಸರಿಪಡಿಸುವುದು.

ಹೀಗೆ ಮೆತ್ತಗಾದರೆ ಕೈ ಸಡಿಲವಾಗುತ್ತದೆ, ಕೆಲಸ ಕೆಡುತ್ತದೆ ಎಂದು ಕೆಲವರು ವಾದ ಮಾಡುತ್ತಾರೆ. ನನ್ನ ಅನುಭವದಲ್ಲಿ ಆಗಿದ್ದು ತಿರುವುಮುರುವು. ಬೈಸಿಕೊಳ್ಳುವ ಹುಡುಗಿ ತಪ್ಪನ್ನು ಬಂಡಲಿನ ನಡುವೆ ಬಚ್ಚಿಡುತ್ತಾಳೆ, ಬೈಸಿಕೊಳ್ಳದವಳು ತಂದು ತೋರಿಸುತ್ತಾಳೆ. ನನ್ನ ಒಳಗಿನ ಹುಡುಗಿಯೂ ಹಾಗೆಯೇ.

ಕೊಪ್ಪಳದ ಹತ್ತಿರ ಕಿನ್ನಾಳದ ಗೊಂಬೆಗಳಿವೆ, ಭೌಗೋಳಿಕ ಗುರುತು ಪಡೆದ ಕಲೆ. ಚಿತ್ರಗಾರ ಮನೆತನದವರು ಹಗುರವಾದ ಮರದಲ್ಲಿ ಕೈ, ಕಾಲು, ಮುಂಡ ಬೇರೆಬೇರೆ ಕೆತ್ತಿ ಜೋಡಿಸುತ್ತಾರೆ. ಜೋಡಣೆಯ ಸಂದಿಗೆ, ಬಿರುಕಿಗೆ ಹುಣಸೆಬೀಜದ ಅಂಟು ಕಲಸಿದ ಕಿಟ್ಟವನ್ನು ಮೆತ್ತುತ್ತಾರೆ. ಆಮೇಲೆ ಬಣ್ಣ. ಅಲ್ಲಿ ಬಿರುಕು ಬಂತೆಂದು ಮರ ಎಸೆಯುವುದಿಲ್ಲ, ಕಿಟ್ಟದ ಮಡಕೆ ಮೊದಲಿನಿಂದಲೂ ಪಕ್ಕದಲ್ಲೇ ಇರುತ್ತದೆ.

ಇನ್ನೊಂದು ಮಾತನ್ನು ನನಗೆ ಹೇಳಿದವಳು ನನ್ನ ಮಗಳು. ಅವಳು ಈಗ ಡಿಗ್ರಿಯಲ್ಲಿ ಇತಿಹಾಸ ಓದುತ್ತಿದ್ದಾಳೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಅಶೋಕನ ಬಂಡೆ ಶಾಸನಗಳಿವೆ: ರಾಯಚೂರಿನ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿಯ ನಿಟ್ಟೂರು ಮತ್ತು ಉಡೇಗೊಳ. ಗವಿಮಠದ ಗುಡ್ಡಕ್ಕೆ ಹೋದಾಗ ಅವಳು ಹೇಳಿದಳು: ಅಶೋಕನ 14ನೇ ದೊಡ್ಡ ಶಾಸನದಲ್ಲಿ, ಅದರ ಭಾಗಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ, ಎಲ್ಲ ಕಡೆ ಎಲ್ಲವೂ ಪೂರ್ತಿ ಬರೆದಿಲ್ಲ, ಕೆಲವು ಅಪೂರ್ಣವಾಗಿರಬಹುದು, ಅದಕ್ಕೆ ಲಿಪಿಕಾರನ ತಪ್ಪೂ ಒಂದು ಕಾರಣವಿರಬಹುದು ಎಂದು ರಾಜನೇ ಹೇಳಿಸಿದ್ದಾನಂತೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಕಲ್ಲಿನ ಮೇಲೆ, ಚಕ್ರವರ್ತಿಯ ಆಜ್ಞೆಯಲ್ಲೇ ಬರೆಯುವವನ ತಪ್ಪಿಗೂ ಜಾಗ ಇಟ್ಟಿದ್ದರು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು.

ಆರನೇ ಹೆಜ್ಜೆ: ಮಕ್ಕಳ ಮುಂದೆ ತಪ್ಪನ್ನು ಬಚ್ಚಿಡಬೇಡಿ

ಅವಳು ಎರಡನೇ ತರಗತಿಯಲ್ಲಿದ್ದಾಗ ಕಾಪಿ ಬರೆಯುತ್ತಿದ್ದಳು. "ಳ" ಅಕ್ಷರ ಗೆರೆ ದಾಟಿತ್ತು. ನಾನು ಪುಟ ಹರಿದು ಮತ್ತೆ ಬರೆ ಎಂದೆ. ಮತ್ತೆ ದಾಟಿತು, ಮತ್ತೆ ಹರಿದೆ. ಆ ರಾತ್ರಿ ಆರು ಪುಟ ಹರಿದೆ. ಕೈಯಲ್ಲಿ ಬಾಣದ ಸ್ಟಿಕರ್ ಇರಲಿಲ್ಲ ಅಷ್ಟೇ. ಐದನೇ ತರಗತಿಯಲ್ಲಿ ಚಿತ್ರಕಲೆ ಸ್ಪರ್ಧೆಗೆ ಹೆಸರು ಕೊಡು ಎಂದರೆ "ಯಮ್ಮಾ, ಸರಿ ಬರ್ಲಿಲ್ಲಾಂದ್ರೆ?" ಎಂದು ಹೆಸರು ಕೊಡಲಿಲ್ಲ. ಎಂಟನೇ ತರಗತಿಯಲ್ಲಿ ರಾತ್ರಿ ಹನ್ನೊಂದರ ತನಕ ಹೋಂವರ್ಕ್ ಮಾಡುತ್ತಿದ್ದಳು. ಯಾಕಿಷ್ಟು ಹೊತ್ತು ಎಂದು ಒಂದು ದಿನ ನೋಟ್ಸ್ ತೆಗೆದು ನೋಡಿದೆ. ಪ್ರತಿಯೊಂದು ಉತ್ತರವನ್ನೂ ಮೊದಲು ಪೆನ್ಸಿಲ್ಲಿನಲ್ಲಿ ತೆಳ್ಳಗೆ ಬರೆದು, ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅದರ ಮೇಲೆ ಪೆನ್ನಿನಿಂದ ತಿದ್ದುತ್ತಿದ್ದಳು. ಇಡೀ ವರ್ಷದ ನೋಟ್ಸು ಹಾಗೆ ಎರಡು ಸಲ ಬರೆದದ್ದು. ನನ್ನ ಹದಿಮೂರು ವರ್ಷ ಮುಗಿದದ್ದು ಆ ರಾತ್ರಿ.

ನಾನು ಮಾಡಿದ್ದನ್ನು ನೀವು ಮಾಡಿದ್ದರೆ ಮೊದಲು ಮಗುವಿಗೆ ಬಾಯಿಬಿಟ್ಟು ಹೇಳಿ: "ಅವತ್ತು ಪುಟ ಹರಿದಿದ್ದು ನನ್ನ ತಪ್ಪು." ಕಾರಣ ಕೊಡಬೇಡಿ, "ನಿನ್ನ ಒಳ್ಳೇದಕ್ಕೆ" ಎಂದು ಸೇರಿಸಬೇಡಿ. ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ "ಸಾಕಷ್ಟು ಒಳ್ಳೆಯ ತಾಯಿ" ಎಂಬ ಮಾತನ್ನು 1950ರ ದಶಕದಲ್ಲಿ ಬಳಕೆಗೆ ತಂದರು. ಕೂಸಿನ ಪ್ರತಿ ಅಗತ್ಯಕ್ಕೂ ತಕ್ಷಣ ಒದಗುವ ತಾಯಿ ಬರಬರುತ್ತಾ ಸಣ್ಣಸಣ್ಣದಾಗಿ ತಪ್ಪುವುದರಿಂದಲೇ, ಲೋಕ ತಾನೆಣಿಸಿದ ಹಾಗೆ ನಡೆಯುವುದಿಲ್ಲ ಎಂಬುದನ್ನು ತಾಳಿಕೊಳ್ಳಲು ಮಗು ಕಲಿಯುತ್ತದೆ ಎಂದರು ಅವರು. ನಾನು ಇದನ್ನು ಓದಿ ಅತ್ತಿದ್ದೇನೆ.

ಊಟದ ಹೊತ್ತಿಗೆ ಮನೆಯ ದೊಡ್ಡವರು ತಮ್ಮ ಆ ದಿನದ ಒಂದು ತಪ್ಪನ್ನು ಹೇಳುವುದು ನಮ್ಮಲ್ಲಿ ರೂಢಿಯಾಯಿತು. ಮಕ್ಕಳನ್ನು ಕೇಳಬಾರದು, ದೊಡ್ಡವರೇ ಹೇಳಬೇಕು. "ಇವತ್ತು ಮೂವತ್ತೆರಡರ ಬಂಡಲಿಗೆ ಮೂವತ್ನಾಲ್ಕರ ಚೀಟಿ ಹಾಕಿದ್ದೆ" ಎಂದು ನಾನು ಹೇಳಿದ ದಿನ ಮಗಳು ತಾಟಿನಿಂದ ತಲೆ ಎತ್ತಿ ನೋಡಿದ್ದು ನೆನಪಿದೆ. ಅಂಕಪಟ್ಟಿ ಬಂದಾಗ ಹೋದ ಅಂಕದ ಮೇಲೆ ಮೊದಲು ಬೆರಳಿಡಬೇಡಿ. ಅವಳು ಪೆನ್ಸಿಲ್ ಬಿಡಲು ಒಂದೂವರೆ ವರ್ಷ ಹಿಡಿಯಿತು. ನಾನು ಬಿಡು ಎಂದು ಹೇಳಲಿಲ್ಲ. ಹೇಳಿದ್ದರೆ ಅದೂ ಇನ್ನೊಂದು ಪರೀಕ್ಷೆಯಾಗುತ್ತಿತ್ತು.

ಮುಂದೂಡುತ್ತಲೇ ಇರುವವರಿಗೆ

ಸರಿಯಾಗಿ ಆಗುವಾಗ ಮಾಡೋಣ ಎಂದು ಕಾಯುತ್ತಿರುವ ಕೆಲಸ ಇದ್ದರೆ ತುಂಗಭದ್ರೆಯನ್ನು ನೆನೆಯಿರಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು. ಮೂರೂ ಜಿಲ್ಲೆಯ ಗದ್ದೆಗಳ ನೀರು ಅದು. ಹೊಸ ಗೇಟು ಮಾಡಿಸಿ, ನೀರು ಇಳಿದ ಮೇಲೆ ಕೂರಿಸಲು ಕಾದಿದ್ದರೆ ಬೆಳೆಗೆ ನೀರೇ ಉಳಿಯುತ್ತಿರಲಿಲ್ಲ. ಅನುಭವಿ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ, ಒಂದರ ಮೇಲೊಂದು ಉಕ್ಕಿನ ಹಲಗೆ ಇಳಿಸಿ ತಾತ್ಕಾಲಿಕ ಸ್ಟಾಪ್‌ಲಾಗ್ ಕೂರಿಸಿದರು. ಒಂದು ವಾರದಲ್ಲಿ ನೀರು ನಿಂತಿತು. ಅದು ಗೇಟಲ್ಲ, ಗೇಟಿನ ಜಾಗದಲ್ಲಿ ಸದ್ಯಕ್ಕೆ ಸಾಕಾಗುವ ತಡೆ.

ನಿಮ್ಮ ಕೆಲಸದ ಸ್ಟಾಪ್‌ಲಾಗ್ ಯಾವುದು? ಅರ್ಜಿ ಪೂರ್ತಿ ಬರೆಯಲಾಗದಿದ್ದರೆ ಹೆಸರು ವಿಳಾಸ ತುಂಬಿಸಿ. ಆಲ್ಬಮ್ ಆಗದಿದ್ದರೆ ಹತ್ತು ಫೋಟೊ ಆರಿಸಿ ಗೋಡೆಗೆ ಅಂಟಿಸಿ. ನಾನು ಹಾಗೇ ಮಾಡಿದೆ, ತಮ್ಮ ಬಂದವನು ಅರ್ಧ ತಾಸು ನಿಂತು ನೋಡಿದ.

ಇಷ್ಟಕ್ಕೂ ಇಳಿಯದಿದ್ದರೆ

ಕೆಲವರಲ್ಲಿ ಇದು ಅಭ್ಯಾಸದ ಮಟ್ಟ ದಾಟಿರುತ್ತದೆ. ಕೈ ತೊಳೆದದ್ದೇ ತೊಳೆಯುವುದು, ಬೀಗ ಹಾಕಿದೆನೋ ಇಲ್ಲವೋ ಎಂದು ಹತ್ತಾರು ಸಲ ವಾಪಸು ಬಂದು ನೋಡುವುದು, ತಿಂಡಿ ಊಟ ಬಿಡುವುದು, ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಒಂದು ತಪ್ಪಿಗೆ ಬದುಕೇ ಬೇಡ ಎನ್ನಿಸುವುದು. ಇವಕ್ಕೆ ಚಿಕಿತ್ಸೆ ಇದೆ, ಮೇಲೆ ಬರೆದ ಪ್ರಯೋಗಗಳನ್ನು ಒಬ್ಬರೇ ಮಾಡುತ್ತಾ ಕೂರಬೇಡಿ. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಮನೆಯ ಮಕ್ಕಳ ಮೇಲೆ ಕಣ್ಣಿರಲಿ.

ಹೋಗಲು ನಾಚಿಕೆಪಡುವವರಿಗೆ ನಮ್ಮ ಜಿಲ್ಲೆಯ ಒಂದು ಸಂಗತಿ ಹೇಳಬೇಕು. ದೇಶದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಶುರುವಾದಾಗ ಅದನ್ನು ಜಿಲ್ಲೆಯ ಮಟ್ಟದಲ್ಲಿ ಹೇಗೆ ನಡೆಸುವುದೆಂಬ ಪ್ರಶ್ನೆ ಇತ್ತು. ನಿಮ್ಹಾನ್ಸ್ 1985ರಿಂದ 1990ರ ತನಕ ಅದನ್ನು ನಡೆಸಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು. ಅದನ್ನೇ "ಬಳ್ಳಾರಿ ಮಾದರಿ" ಎಂದು ಕರೆದು, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ ಮಾಡಿಕೊಂಡರು. ಮನಸ್ಸಿನ ಕಾಯಿಲೆಗೆ ಊರಿನ ದವಾಖಾನೆಯಲ್ಲೇ ಔಷಧ ಕೊಡಬಹುದೆಂದು ದೇಶಕ್ಕೆ ತೋರಿಸಿದ ನೆಲದಲ್ಲಿ ನಿಂತು ನಾವು ಸಂಕೋಚಪಡಬೇಕಾಗಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿನ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಹೋಗುವ ಧೈರ್ಯ ಇನ್ನೂ ಬಾರದಿದ್ದರೆ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಅದು. ದಿನದ ಇಪ್ಪತ್ನಾಲ್ಕು ತಾಸು, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವಾಗಿನಿಂದ ಹೀಗಿದೆ, ದಿನಕ್ಕೆ ಎಷ್ಟು ಹೊತ್ತು ಇದರಲ್ಲೇ ಹೋಗುತ್ತದೆ, ನಿದ್ದೆ ಊಟ ಹೇಗಿದೆ, ಯಾವ ಕೆಲಸ ನಿಂತುಹೋಗಿದೆ. ಡಾಕ್ಟರ ಮುಂದೆ ಕುಳಿತಾಗ ಅರ್ಧ ಮರೆತುಹೋಗುತ್ತದೆ, ಆಗ ಚೀಟಿಯನ್ನೇ ಅವರ ಕೈಗೆ ಕೊಡಿ. ಒಂದೇ ಸಲ ಬರೆಯಿರಿ, ಹೊಡೆದುಹಾಕಿದ್ದು ಇದ್ದರೆ ಹಾಗೇ ಇರಲಿ.